ಎಸರು ಆರದಂತೆ

ಮಳವಳ್ಳಿ ಕಡೆಯ ಬಾಡೂಟದಲ್ಲಿ ಮುದ್ದೆಯಷ್ಟೇ ಎಸರೂ ಬಿಸಿಯಾಗಿರಬೇಕು. ಆರಿದರೆ ಅಂಚಿಗೆ ಬಿಳಿ ಪೊರೆ ಕಟ್ಟಿ ಅಂಗುಳಿಗೆ ಮೆತ್ತಿಕೊಳ್ಳುತ್ತದೆ. ಕುರಿ ಕೊಬ್ಬು ಸುಮಾರು 45 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಗಟ್ಟಿಯಾಗತೊಡಗುತ್ತದೆ. ನಮ್ಮ ಮೈ ಶಾಖ 37. ಹಾಗಾಗಿ ಬಾಯಿಗೆ ಹೋದ ಮೇಲೂ ಅದು ಪೂರ್ತಿ ಕರಗದು.

18ನೇ ಶತಮಾನದ ಇಂಗ್ಲೆಂಡಿನ ಸಿರಿವಂತರ ಮನೆಗಳಲ್ಲೂ ಇದೇ ಪೇಚು. ಅಡುಗೆಮನೆ ಒಂದು ಮೂಲೆ, ಊಟದ ಕೋಣೆ ಇನ್ನೊಂದು ಮೂಲೆ. ಮಾಂಸದ ರಸ ಮೇಜಿಗೆ ಬರುವಷ್ಟರಲ್ಲಿ ಆರಿರುತ್ತಿತ್ತು. ಅದಕ್ಕೆಂದೇ ಅಕ್ಕಸಾಲಿಗರು ಮಾಡಿದ ಬೆಳ್ಳಿ ಪಾತ್ರೆ ಆರ್ಗೈಲ್. ಸ್ಕಾಟ್ಲೆಂಡಿನ ಆರ್ಗೈಲ್ ಡ್ಯೂಕ್‌ನಿಂದ ಆ ಹೆಸರು ಬಂತೆನ್ನುತ್ತಾರೆ. ನೋಡಲು ಟೀ ಕೆಟಲ್‌ನಂತೆ. ಒಳಗೆ ಮಾತ್ರ ಎರಡು ಗೋಡೆ. ನಡುವಿನ ಸಂದಿಗೆ ಕುದಿನೀರು ಸುರಿದರೆ ರಸದ ಸುತ್ತ ಬಿಸಿ ಕವಚ ಸಿದ್ಧ. ಕೆಲವದರಲ್ಲಿ ನಡುವಿನ ಕೊಳವೆಯೊಳಗೆ ಕಾಯಿಸಿದ ಕಬ್ಬಿಣದ ತುಂಡು ಇಳಿಬಿಡುತ್ತಿದ್ದರು.

ಬೆಳ್ಳಿಯ ಗುಣವೇ ಸೋಜಿಗ. ಲೋಹಗಳಲ್ಲೆಲ್ಲ ಶಾಖವನ್ನು ಅತಿ ವೇಗವಾಗಿ ದಾಟಿಸುವುದು ಅದೇ. ಹೀಗಾಗಿ ಒಳಗೋಡೆ ನೀರಿನ ಬಿಸಿಯನ್ನು ತಡಮಾಡದೆ ರಸಕ್ಕೆ ಕೊಡುತ್ತದೆ. ಹೊಳೆಯುವ ಹೊರಮೈ ಶಾಖವನ್ನು ಕಿರಣವಾಗಿ ಬಿಟ್ಟುಕೊಡುವುದು ತೀರಾ ಕಡಿಮೆ. ಆದರೆ ಶಾಖವನ್ನು ಕೂಡಿಡುವ ಕೆಲಸ ಬೆಳ್ಳಿಯದಲ್ಲ, ನೀರಿನದು. ಒಂದು ಗ್ರಾಂ ನೀರು ಒಂದು ಡಿಗ್ರಿ ತಣಿದಾಗ ಸುಮಾರು 4.2 ಜೂಲ್ ಶಾಖ ಬಿಡುತ್ತದೆ. ಬೆಳ್ಳಿ ಬಿಡುವುದು ಸುಮಾರು 0.24 ಮಾತ್ರ. ಬೆಲೆ ಬೆಳ್ಳಿಗೆ, ದುಡಿಮೆ ನೀರಿಗೆ.

ಇದೇ ದುಡಿಮೆಯನ್ನು ನಮ್ಮ ಹಳೆಯ ಅಡುಗೆಮನೆಗಳಲ್ಲಿ ಮಣ್ಣು ಮಾಡುತ್ತಿತ್ತು. ದೊಡ್ಡ ಒಲೆಗೆ ಅಂಟಿಕೊಂಡ ಕೋಡೊಲೆಗೆ ಬೇರೆ ಸೌದೆ ಬೇಡ. ಮುದ್ದೆ ಬೇಯಿಸಿದ ಉರಿಯಲ್ಲಿ ಉಳಿದ ಬಿಸಿ ಹೊಗೆ ಅತ್ತ ಹಾಯುತ್ತಿತ್ತು. ಅದರ ಮೇಲೆ ಸಾರಿನ ಮಡಕೆ. ಬೆಂಕಿ ನಂದಿದ ಮೇಲೂ ದಪ್ಪ ಮಣ್ಣಿನ ಗೋಡೆ ಕುಡಿದಿಟ್ಟ ಶಾಖವನ್ನು ನಿಧಾನಕ್ಕೆ ಬಿಡುತ್ತಿತ್ತು. ಸುಟ್ಟ ಮಣ್ಣಿನಲ್ಲಿ ಶಾಖ ಬೆಳ್ಳಿಗಿಂತ ನೂರಾರು ಪಟ್ಟು ನಿಧಾನವಾಗಿ ಸಾಗುವುದರಿಂದ ಮಡಕೆಯೂ ಬೇಗ ಬಿಸಿ ಬಿಟ್ಟುಕೊಡುತ್ತಿರಲಿಲ್ಲ.

ಮದ್ದೂರಿಗೆ ನೆರೆಯ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ಕೇಂದ್ರ ಹಳ್ಳಿಗಾಗಿ ಇಂಥದೇ ಒಲೆಯ ಪ್ರಯೋಗವನ್ನೂ ನಡೆಸಿತು. ಅಮೂಲ್ಯ ರೆಡ್ಡಿಯವರು 1974ರಲ್ಲಿ ಕಟ್ಟಿದ ಆ ಕೇಂದ್ರದ ಮೂರು ಪಾತ್ರೆಯ ಅಸ್ತ್ರ ಒಲೆ ಕೋಡೊಲೆಯ ಬಂಧುವೇ. ಮೊದಲ ಪಾತ್ರೆಯನ್ನು ಕಾಯಿಸಿದ ಹೊಗೆ ಎರಡನೆಯ, ಮೂರನೆಯ ಪಾತ್ರೆಗಳ ಅಡಿ ಹಾದು ಚಿಮಣಿ ಸೇರುತ್ತದೆ. ಸೌದೆ ಉಳಿಯುತ್ತದೆ, ಹೆಂಗಸರ ಕಣ್ಣಿಗೂ ಎದೆಗೂ ಹೊಗೆ ತಪ್ಪುತ್ತದೆ.

ಆರ್ಗೈಲ್ ಇಂದು ಗಾಜಿನ ಬೀರುವಿನಲ್ಲಿದೆ, ಚೆನ್ನಾಗಿ ಕಾಪಾಡಿದ್ದಾರೆ. ಕೋಡೊಲೆಗೆ ಆ ಭಾಗ್ಯವಿಲ್ಲ. ಗ್ಯಾಸ್ ಬಂದಾಗ ಒಡೆದು ಹಾಕಿದೆವು. ವಿಶ್ವೇಶ್ವರಯ್ಯ ನಾಲೆಯ ನೀರು ಕಟ್ಟಲು ಗದ್ದೆಗೆ ಹೋದವರು ಸರಿರಾತ್ರಿಗೆ ಮರಳಿದಾಗ ಯಾರನ್ನೂ ಎಬ್ಬಿಸಿ ಕೇಳುವ ಅಗತ್ಯವಿಲ್ಲದೆ ಬಿಸಿ ಸಾರು ಸಿಗುತ್ತಿದ್ದುದು ಅದರ ಮೇಲೆಯೇ. ಎಲ್ಲಾದರೂ ಒಂದು ಉಳಿದಿದ್ದರೆ ಅಳತೆ ತೆಗೆದು, ಚಿತ್ರ ಬರೆದು, ಮಕ್ಕಳಿಗೆ ತೋರಿಸಿ. ಅದು ವಿಜ್ಞಾನದ ಪಾಠ.