ಮೊಡವಿಗೆ ಅಂಗಡಿ ಟ್ಯೂಬು, ಮುಖಕ್ಕೆ ಬರೆ!

ಹೇಮಗುಡ್ಡ: ನವರಾತ್ರಿ ಬಂತೆಂದರೆ ಗಂಗಾವತಿ ತಾಲ್ಲೂಕಿನ ಈ ಊರಿಗೆ ಎಲ್ಲಿಲ್ಲದ ಕಳೆ. ಹಳೆಯ ಕೋಟೆ, ದುರ್ಗಾದೇವಿಯ ಗುಡಿ, ಆನೆಯ ಮೇಲೆ ದೇವಿಯ ಮೆರವಣಿಗೆ. ಸುತ್ತಲ ಹಳ್ಳಿಗಳ ಹೈಸ್ಕೂಲ್ ಹುಡುಗ-ಹುಡುಗಿಯರು ಹೊಸ ಬಟ್ಟೆ ತೊಟ್ಟು ಬರುವ ದಿನಗಳವು. ಅಷ್ಟರೊಳಗೆ ಮುಖದ ಮೇಲಿನ ಮೊಡವಿ ಹೋಗಲಿ ಎಂಬ ಆಸೆ ಹದಿನಾಲ್ಕು ವರ್ಷದ ಯಾವ ಮಗುವಿಗಿಲ್ಲ? ಆಸೆಯಲ್ಲೇನೂ ತಪ್ಪಿಲ್ಲ. ಆದರೆ ಆ ಆಸೆ ಹೊತ್ತ ಮಗು ಕೊನೆಗೆ ಹೋಗಿ ನಿಲ್ಲುವುದು ಔಷಧ ಅಂಗಡಿಯ ಮುಂದೆ. ತೊಂದರೆ ಶುರುವಾಗುವುದು ಅಲ್ಲಿಂದ.

ಮನೆಯಲ್ಲಿ ಕೇಳಿದರೆ ‘ವಯಸ್ಸಿಗೆ ಬಂದಾಗ ಬರ್ತಾವ, ತಾವ ಹೋಗ್ತಾವ, ಸುಮ್ಕಿರು’ ಎಂಬ ಉತ್ತರ. ಮಾಸ್ತರರನ್ನು ಕೇಳಲು ನಾಚಿಕೆ. ಗೆಳೆಯರ ಸಲಹೆ ಮಾತ್ರ ಸದಾ ಸಿದ್ಧ: ‘ಆ ಟ್ಯೂಬ್ ಹಚ್ಚಲೇ, ನಾಕ್ ದಿನದಾಗ ಮಾರಿ ಬೆಳ್ಳಗಾಗ್ತೈತಿ!’ ಡಾಕ್ಟರ ಚೀಟಿ ಇಲ್ಲ, ತಂದೆ-ತಾಯಿಗೆ ಗೊತ್ತಿಲ್ಲ. ಟ್ಯೂಬು ಜೇಬು ಸೇರಿತು.

ನಾಲ್ಕು ದಿನದ ಚೆಂದ

ಹೀಗೆ ಕೈ ಬದಲಾಗುವ ಎಷ್ಟೋ ಟ್ಯೂಬುಗಳಲ್ಲಿರುವುದು ಸ್ಟಿರಾಯ್ಡ್. ಬೀಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್ ಎಂಬ ಹೆಸರುಗಳು ಟ್ಯೂಬಿನ ಮೇಲೆ ಸಣ್ಣ ಅಕ್ಷರದಲ್ಲಿ ಇದ್ದೇ ಇರುತ್ತವೆ. ವೈದ್ಯರು ತಕ್ಕ ಕಾಯಿಲೆಗೆ, ತಕ್ಕಷ್ಟು ದಿನ ಬರೆದುಕೊಟ್ಟರೆ ಇವು ಒಳ್ಳೆಯ ಔಷಧಗಳೇ. ಮೊಡವಿಗೆ, ಬಿಳುಪಿಗೆ ಹಚ್ಚಿದರೆ ಮಾತ್ರ ಇವೇ ವಿಷ!

ಮೊದಲ ನಾಲ್ಕು ದಿನ ಕೆಂಪು ಇಳಿಯುತ್ತದೆ, ಬಣ್ಣ ತಿಳಿಯಾದಂತೆ ಕಾಣುತ್ತದೆ. ಹುಡುಗಿ ಹಿಗ್ಗುತ್ತಾಳೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಕೆನ್ನೆಯಲ್ಲಿ ಸಣ್ಣ ರಕ್ತನಾಳಗಳು ಎದ್ದು ಕಾಣುತ್ತವೆ, ಮೊಡವಿ ಮೊದಲಿಗಿಂತ ಹೆಚ್ಚು ಏಳುತ್ತವೆ, ಮುಖದ ಮೇಲೆ ಕೂದಲು ಬರುತ್ತದೆ. ಬಿಸಿಲಿಗೆ ಹೋದರೆ ಉರಿ. ಹಚ್ಚುವುದನ್ನು ಬಿಟ್ಟರೆ ಮುಖವೆಲ್ಲ ಕೆಂಪಗೆ ಊದುತ್ತದೆ. ಆ ಉರಿ ತಾಳಲಾರದೆ ಮತ್ತೆ ಅದೇ ಟ್ಯೂಬು! ಕುಡುಕನಿಗೆ ಶೀಸೆಯಂತೆ ಇವರಿಗೆ ಟ್ಯೂಬು.

ಇದನ್ನು ತಡೆಯಲೆಂದೇ ಕೇಂದ್ರ ಸರ್ಕಾರ 2018ರ ಮಾರ್ಚ್‌ನಲ್ಲಿ 14 ಬಗೆಯ ಸ್ಟಿರಾಯ್ಡ್ ಮುಲಾಮುಗಳನ್ನು ‘ಷೆಡ್ಯೂಲ್ ಎಚ್’ ಪಟ್ಟಿಗೆ ಸೇರಿಸಿತು. ಅಂದರೆ ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. ಕಾನೂನು ಕಾಗದದ ಮೇಲಿದ್ದರೆ ಸಾಲದು, ಅಂಗಡಿ ಕಟ್ಟೆಯ ಮೇಲೂ ಇರಬೇಕು. ಇನ್ನು ಬಿಳುಪಿನ ಹುಚ್ಚು. ಹೆಸರಾಂತ ಕಂಪನಿಯೊಂದು 2020ರಲ್ಲಿ ತನ್ನ ಕ್ರೀಮಿನ ಹೆಸರಿನಿಂದ ‘ಫೇರ್’ ಎಂಬ ಮಾತನ್ನೇ ತೆಗೆದುಹಾಕಿತು. ಕಪ್ಪು ಮುಖ ರೋಗವಲ್ಲ ಎಂಬುದು ನಮ್ಮ ಮನೆಗಳಿಗೆ ಮುಟ್ಟುವುದು ಯಾವಾಗ?

ಮೊಡವಿ ಯಾಕೆ?

ಹರೆಯದಲ್ಲಿ ಮೈಯೊಳಗೆ ಹಾರ್ಮೋನುಗಳು ಏರುತ್ತವೆ. ಚರ್ಮದ ಎಣ್ಣೆ ಗ್ರಂಥಿಗಳು ಹೆಚ್ಚು ಜಿಡ್ಡು ಸುರಿಸುತ್ತವೆ. ಜಿಡ್ಡು, ಸತ್ತ ಚರ್ಮದ ಹೊಟ್ಟು ಕೂಡಿ ರಂಧ್ರ ಕಟ್ಟಿಕೊಳ್ಳುತ್ತದೆ, ಒಳಗೆ ಸೂಕ್ಷ್ಮಾಣು ಬೆಳೆದು ಗುಳ್ಳೆ ಏಳುತ್ತದೆ. ಇದಕ್ಕೆ ಕೊಳಕು ಕಾರಣವಲ್ಲ, ಕೆಟ್ಟ ನಡತೆಯಂತೂ ಅಲ್ಲವೇ ಅಲ್ಲ. ಹರೆಯದ ಬಹುಪಾಲು ಮಕ್ಕಳಿಗೆ ಇದು ಬಂದೇ ಬರುತ್ತದೆ.

ಮಾಡಬೇಕಾದ್ದು ಸುಲಭ. ದಿನಕ್ಕೆ ಎರಡು ಸಲ ಮೆತ್ತನೆಯ ಸಾಬೂನಿನಿಂದ ಮುಖ ತೊಳೆಯುವುದು. ಸವಳು ನೀರಿನ ಊರಿದ್ದರೆ ಸಾಬೂನು ಪೂರ್ತಿ ಹೋಗುವಂತೆ ತೊಳೆಯುವುದು. ತಿಕ್ಕಿ ತಿಕ್ಕಿ ಉಜ್ಜಬಾರದು, ಹಿಚುಕಲೇಬಾರದು. ಹಿಚುಕಿದ ಮೊಡವಿ ಕಲೆಯಾಗಿ ವರ್ಷಗಟ್ಟಲೆ ಉಳಿಯುತ್ತದೆ. ನೆತ್ತಿಗೆ ಸುರಿದ ಕೊಬ್ಬರಿ ಎಣ್ಣೆ ಹಣೆಗೆ ಇಳಿದರೆ ಹಣೆ ತುಂಬ ಗುಳ್ಳೆ. ನಿಂಬೆರಸ, ಸೋಡಾಪುಡಿ, ಹಲ್ಲಿನ ಪೇಸ್ಟು ಚರ್ಮ ಸುಡುತ್ತವೆ. ಗುಳ್ಳೆ ಹೆಚ್ಚಾದರೆ ವೈದ್ಯರು ಕೊಡುವ ಬೆನ್ಜಾಯಿಲ್ ಪೆರಾಕ್ಸೈಡ್‌ನಂಥ ಮುಲಾಮು ಇದೆ. ಅದರ ಗುಣ ಕಾಣಲು ಆರೆಂಟು ವಾರ ಬೇಕು. ನಾಲ್ಕು ದಿನದಲ್ಲಿ ಗುಣ ಎನ್ನುವ ಟ್ಯೂಬಿನ ಮೇಲೆ ಸಂಶಯ ಇರಲಿ.

ಗದ್ದೆಯ ಕೆಸರು, ತೊಡೆಯ ತುರಿ

ಗಂಗಾವತಿ ಭತ್ತದ ಕಣಜ. ತುಂಗಭದ್ರೆಯ ಎಡದಂಡೆ ಕಾಲುವೆಗೆ ನೀರು ಬಂದರೆ ರಜೆಯ ದಿನ ಮಕ್ಕಳೂ ಗದ್ದೆಗೆ ಇಳಿಯುತ್ತಾರೆ. ತೊಯ್ದ ಬಟ್ಟೆ, ಬೆವರು, ಬಿಗಿ ಪ್ಯಾಂಟು ಮೂರೂ ಕೂಡಿದರೆ ತೊಡೆಸಂದಿಯಲ್ಲಿ ಗಜಕರ್ಣ. ‘ಆ ಜಾಗದ’ ತುರಿಯನ್ನು ಹೇಳುವುದಾದರೂ ಯಾರಿಗೆ? ಮತ್ತೆ ಅದೇ ಅಂಗಡಿ, ಅದೇ ಸ್ಟಿರಾಯ್ಡ್ ಬೆರಕೆಯ ಟ್ಯೂಬು. ತುರಿ ನಿಲ್ಲುತ್ತದೆ, ಬೂಷ್ಟು ಒಳಗೊಳಗೇ ಹರಡುತ್ತದೆ. ತೊಡೆಯ ಮೇಲೆ ಬೀಳುವ ಬರೆಯಂಥ ಗೆರೆಗಳು ಜೀವನವಿಡೀ ಹೋಗುವುದಿಲ್ಲ.

ಗದ್ದೆಯಿಂದ ಬಂದ ಕೂಡಲೇ ಸ್ನಾನ, ಸಂದಿಗಳನ್ನು ಒಣಗಿಸಿಕೊಳ್ಳುವುದು, ಸಡಿಲ ಹತ್ತಿಬಟ್ಟೆ, ಒಬ್ಬೊಬ್ಬರಿಗೆ ಒಂದೊಂದು ಟವೆಲ್ಲು. ಮನೆಯಲ್ಲಿ ಇನ್ನೊಬ್ಬರಿಗೆ ತುರಿ ಇದ್ದರೆ ಅವರಿಗೂ ಔಷಧ ಆಗಬೇಕು, ವೈದ್ಯರು ಹೇಳಿದಷ್ಟು ವಾರ ಪೂರ್ತಿ ಆಗಬೇಕು. ಬಗಲ ವಾಸನೆಯೂ ಹರೆಯದಲ್ಲೇ ಶುರು. ಬೆವರಿಗೆ ತಾನಾಗಿ ಅಷ್ಟು ನಾತವಿಲ್ಲ, ಸೂಕ್ಷ್ಮಾಣು ಸೇರಿದಾಗ ನಾತ. ದಿನಾ ಸಾಬೂನು, ಒಗೆದ ಬನಿಯನ್ನು ಸಾಕು. ಮೀಸೆ ಚಿಗುರಿದ ಹುಡುಗರು ಅಪ್ಪನ ಬ್ಲೇಡು ಮುಟ್ಟದಿರಲಿ. ನಿದ್ದೆಯಲ್ಲಿ ಆಗುವ ಸ್ಖಲನ ರೋಗವಲ್ಲ ಎಂದು ಅಪ್ಪನೋ ಅಣ್ಣನೋ ಒಂದು ಮಾತು ಹೇಳಿದರೆ ಎಷ್ಟೋ ಹುಡುಗರ ನಿದ್ದೆ ಉಳಿಯುತ್ತದೆ.

ದೊಡ್ಡಾಕಿ ಆದ ಮೇಲೆ

ಹುಡುಗಿ ದೊಡ್ಡಾಕಿ ಆದರೆ ಆರತಿಗೆ ಊರೆಲ್ಲ ಸೇರುತ್ತದೆ. ಬಟ್ಟೆ ಬದಲಿಸುವುದು ಹೇಗೆಂದು ಹೇಳುವವರು ಮಾತ್ರ ಕಡಿಮೆ. ಪ್ಯಾಡ್ ಆಗಲಿ ಬಟ್ಟೆಯಾಗಲಿ ನಾಲ್ಕರಿಂದ ಆರು ತಾಸಿಗೊಮ್ಮೆ ಬದಲಿಸಬೇಕು. ಬಟ್ಟೆಯಾದರೆ ಸಾಬೂನು ಹಚ್ಚಿ ಒಗೆದು ಬಿಸಿಲಿಗೆ ಹಾಕಬೇಕು. ನಾಚಿಕೆಗೆ ಅಟ್ಟದ ಮೂಲೆಯಲ್ಲಿ, ಸೀರೆಯ ಅಡಿಯಲ್ಲಿ ಒಣಗಿಸಿದ ಬಟ್ಟೆ ರೋಗದ ಗೂಡು. ಮುಟ್ಟಿನ ದಿನ ಸ್ನಾನ ಮಾಡಿದರೆ, ತಲೆ ತೊಳೆದರೆ ಏನೂ ಕೆಡುವುದಿಲ್ಲ. ಹದಿನೈದು ತುಂಬಿದರೂ ಮುಟ್ಟಾಗದಿದ್ದರೆ, ಏಳು ದಿನ ಮೀರಿ ಸ್ರಾವ ನಿಲ್ಲದಿದ್ದರೆ, ಮುಟ್ಟು ಏರುಪೇರಾಗಿ ವಿಪರೀತ ಮೊಡವಿ, ಗದ್ದದ ಕೂದಲು ಕಂಡರೆ ವೈದ್ಯರಿಗೆ ತೋರಿಸಲೇಬೇಕು.

ಕೇಳುವ ಜಾಗ ಇದೆ

ಹಾಗಾದರೆ ಈ ಮಕ್ಕಳು ಕೇಳುವುದು ಯಾರನ್ನು? ಹದಿಹರೆಯದವರಿಗೆಂದೇ 2014ರಲ್ಲಿ ಆರಂಭವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ‘ಸ್ನೇಹ ಕ್ಲಿನಿಕ್’ ಇದೆ. ದುಡ್ಡಿಲ್ಲ, ಗುಟ್ಟು ಹೊರಗೆ ಹೋಗುವುದಿಲ್ಲ. ಶಾಲಾ ಹುಡುಗಿಯರಿಗೆ ಪ್ಯಾಡ್ ಕೊಡುವ ‘ಶುಚಿ’ ಯೋಜನೆಯನ್ನು ರಾಜ್ಯ ಸರ್ಕಾರ 2013-14ರಲ್ಲಿ ತಂದಿತು. ಕೋವಿಡ್ ಕಾಲದಲ್ಲಿ ಅದು ನಿಂತಿತು, 2024ರಲ್ಲಿ ಮತ್ತೆ ಆರಂಭವಾಯಿತು. ನಡುವಿನ ಆ ವರ್ಷಗಳಲ್ಲಿ ದೊಡ್ಡವರಾದ ಹುಡುಗಿಯರ ಪಾಡನ್ನು ಕೇಳಿದವರಾರು? ಚರ್ಮದ ಕಾಯಿಲೆಗೆ ಗಂಗಾವತಿಯ ಸರ್ಕಾರಿ ಆಸ್ಪತ್ರೆಯಿದೆ, ಅದಕ್ಕೂ ಮೇಲೆ ಕೊಪ್ಪಳದಲ್ಲಿ 2015ರಿಂದ ವೈದ್ಯಕೀಯ ಕಾಲೇಜೇ ಇದೆ.

ಔಷಧ ನಿಯಂತ್ರಣದವರು ಅಂಗಡಿಗಳ ಕಡೆ ಒಮ್ಮೆ ಕಣ್ಣು ಹಾಯಿಸಬೇಕು. ಹೈಸ್ಕೂಲುಗಳು ತಿಂಗಳಿಗೆ ಒಂದು ತಾಸನ್ನಾದರೂ ಈ ಮಾತಿಗೆ ಬಿಡಬೇಕು. ಆಶಾ ಕಾರ್ಯಕರ್ತೆಯರು ಹುಡುಗಿಯರ ಜೊತೆಗೆ ಹುಡುಗರನ್ನೂ ಮಾತಾಡಿಸಬೇಕು. ಎಲ್ಲಕ್ಕಿಂತ ಮೊದಲು ಮನೆಯಲ್ಲಿ ‘ಸುಮ್ಕಿರು’ ಎನ್ನುವುದು ನಿಲ್ಲಬೇಕು. ಅಪ್ಪ-ಅವ್ವ ಬಾಯಿ ಬಿಟ್ಟ ಮನೆಯ ಮಗು ಕದ್ದು ಟ್ಯೂಬು ತರುವುದಿಲ್ಲ.