ಮನೆಯಿಂದ ಕಚೇರಿಗೆ ಸುರಂಗ: ಯಂತ್ರ ಕೊಳ್ಳುವ ಮುನ್ನ ಲೆಕ್ಕ ಹಾಕಿ

ಮುಂಬಯಿ: 2020ರ ಮಾರ್ಚ್ 25ರಂದು ದೇಶಾದ್ಯಂತ ಲಾಕ್‌ಡೌನ್ ಜಾರಿಯಾದಾಗ ಫೋರ್ಟ್, ಅಂಧೇರಿಯ ಕಚೇರಿಗಳ ಬಾಗಿಲು ಮುಚ್ಚಿದವು. ಲೆಕ್ಕಪತ್ರ ತುಂಬಿದ ಕಂಪ್ಯೂಟರ್ ಒಳಗೇ ಉಳಿಯಿತು. ಡೊಂಬಿವಲಿ, ಮೀರಾರೋಡ್‌ನ ಮನೆಗಳಿಂದ ಅದನ್ನು ಸುರಕ್ಷಿತವಾಗಿ ತಲುಪಲು ವಿಪಿಎನ್ ಎಂಬ ಸುರಂಗವೇ ದಾರಿ. ಇಬ್ಬರು ಮೂವರಿಗೆ ಸಾಕಾಗುತ್ತಿದ್ದ ರೌಟರ್ ಮೂವತ್ತು ಮಂದಿ ಒಮ್ಮೆಗೇ ನುಗ್ಗಿದರೆ ಏದುಸಿರು ಬಿಡದೆ ಇನ್ನೇನು ಮಾಡೀತು?

ಆ ಪದ್ಧತಿ ಇಂದಿಗೂ ಹಲವೆಡೆ ಉಳಿದಿದೆ. ಲೆಕ್ಕ ಪರಿಶೋಧಕರಿಗೂ, ನಾಲ್ಕಾರು ಶಾಖೆಗಳುಳ್ಳ ಹೊಟೇಲು ಉದ್ಯಮಿಗಳಿಗೂ ಇದು ನಿತ್ಯದ ಮಾತು. ತಿಂಗಳ 20ನೇ ತಾರೀಖು, ಮಾಸಿಕ ಜಿಎಸ್‌ಟಿಆರ್-3ಬಿ ಸಲ್ಲಿಕೆಗೆ ಕೊನೆಯ ದಿನ, ಸುರಂಗ ಕಟ್ಟಿಕೊಂಡರೆ ಕಕ್ಷಿದಾರರು ದಂಡ ತೆರಬೇಕಾದೀತು.

ಕೊಳ್ಳುವವರ ಕಣ್ಣು ಮೊದಲು ಬೀಳುವುದು ಡಬ್ಬದ ಮೇಲಿನ 'ನೂರು ಸಂಪರ್ಕ' ಎಂಬ ಅಂಕಿಯ ಮೇಲೆ. ಎಷ್ಟು ಮಂದಿ ಒಳಬರಬಹುದೆಂದು ಅದು ಹೇಳುತ್ತದೆಯೇ ಹೊರತು, ಬಂದವರ ಕೆಲಸ ಸಾಗುತ್ತದೆಯೇ ಎಂದಲ್ಲ. ನೋಡಬೇಕಾದುದು ವಿಪಿಎನ್ ಥ್ರೂಪುಟ್. ಪ್ರತಿಯೊಂದು ಮಾಹಿತಿಯನ್ನೂ ಗುಪ್ತಲಿಪಿಗೆ ತಿರುಗಿಸುವ ಹೊರೆ ಬೀಳುವುದು ಪ್ರೊಸೆಸರ್ ಮೇಲೆ. ಗಿಗಾಬಿಟ್ ಎಂದು ಬರೆದ ಅಗ್ಗದ ರೌಟರ್ ಈ ಹೊರೆಗೆ ಕೆಲವೇ ಹತ್ತು ಮೆಗಾಬಿಟ್‌ಗೆ ಕುಸಿಯುವುದುಂಟು. ಎಇಎಸ್ ಗುಪ್ತಲಿಪಿಗೆಂದೇ ಇರುವ ವಿಶೇಷ ಸೂಚನೆಗಳು ಇಂಟೆಲ್ ಪ್ರೊಸೆಸರ್‌ಗಳಿಗೆ 2010ರಲ್ಲಿ ಬಂದವು. ರಾಸ್ಪ್‌ಬೆರಿ ಪೈ 4ರಲ್ಲಿ ಅಂಥವಿಲ್ಲ, 5ರಲ್ಲಿವೆ.

ತಂತ್ರಾಂಶದ ಗುಣವೂ ಮುಖ್ಯ. ಓಪನ್‌ವಿಪಿಎನ್‌ನ ಹಳೆಯ ವಿಧಾನದಲ್ಲಿ ಒಂದು ಸರ್ವರ್ ಪ್ರಕ್ರಿಯೆ ಒಂದೇ ಕೋರ್‌ನಲ್ಲಿ ದುಡಿಯುತ್ತದೆ. ಎಂಟು ಕೋರ್‌ಗೆ ಹಣ ಸುರಿದರೂ ಏಳು ಕೈಕಟ್ಟಿ ಕೂರುತ್ತವೆ. 2020ರ ಮಾರ್ಚ್‌ನಲ್ಲಿ ಲಿನಕ್ಸ್ 5.6ರೊಳಗೆ ಸೇರಿದ ವೈರ್‌ಗಾರ್ಡ್ ಕೆಲಸವನ್ನು ಎಲ್ಲ ಕೋರ್‌ಗಳಿಗೂ ಹಂಚುತ್ತದೆ, ಎಇಎಸ್ ಸೂಚನೆಗಳನ್ನೂ ಬೇಡುವುದಿಲ್ಲ. ರ‍್ಯಾಮ್‌ಗಾಗಿ ಹೆಚ್ಚು ತಲೆಕೆಡಿಸಿಕೊಳ್ಳಬೇಕಾಗಿಲ್ಲ.

ಲೆಕ್ಕ ಸರಳ. ನಲ್ವತ್ತು ಮಂದಿಗೆ ತಲಾ 2 ಮೆಗಾಬಿಟ್ ಎಂದರೆ 80. ಒತ್ತಡದ ದಿನಕ್ಕೆಂದು 150 ಹಿಡಿಯುವುದು ಲೇಸು. ಮನೆಯವರು ಇಳಿಸಿಕೊಳ್ಳುವುದು ಕಚೇರಿಗೆ ಅಪ್‌ಲೋಡ್ ಎಂಬುದನ್ನು ಬಹಳ ಮಂದಿ ಮರೆಯುತ್ತಾರೆ. ಅಪ್‌ಲೋಡ್ 20 ಇರುವ ಲೈನಿಗೆ ಎಂಥ ಯಂತ್ರ ತಂದರೂ ವ್ಯರ್ಥ. ಟ್ಯಾಲಿಯ ಕಡತವನ್ನೇ ಸುರಂಗದಲ್ಲಿ ಎಳೆಯುವ ಬದಲು ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಪರದೆಯನ್ನಷ್ಟೇ ನೋಡಿದರೆ ಹೊರೆ ಬಹಳ ಇಳಿಯುತ್ತದೆ, ಕೆಲವೊಮ್ಮೆ ಹೊಸ ಯಂತ್ರವೇ ಬೇಡವಾಗುತ್ತದೆ. ಮಾರುವವರು ಇದನ್ನು ತಾವಾಗಿ ಹೇಳುವುದು ಕಡಿಮೆ.

ಕೊಳ್ಳಲೇಬೇಕಾದರೆ ಭದ್ರತಾ ಅಪ್‌ಡೇಟ್ ಯಾವ ವರ್ಷದವರೆಗೆ ಸಿಗುತ್ತದೆ, ಪ್ರತಿ ಬಳಕೆದಾರರಿಗೆ ಪ್ರತ್ಯೇಕ ಲೈಸೆನ್ಸ್ ಶುಲ್ಕವಿದೆಯೇ ಎಂದು ಬರಹದಲ್ಲಿ ಪಡೆಯಬೇಕು. ಸಾಧ್ಯವಾದರೆ ಯಂತ್ರವನ್ನು ಒಂದು ವಾರಕ್ಕೆ ಕೇಳಿ ತಂದು, ಸಿಬ್ಬಂದಿಯನ್ನೆಲ್ಲ ಒಂದೇ ಗಂಟೆಗೆ ಒಳಬರಲು ಹೇಳಿ ಪರೀಕ್ಷಿಸಬೇಕು, 20ನೇ ತಾರೀಖಿಗೆ ಮೊದಲೇ.