‘ಸೂಥ್’ ಶಬ್ದವಿಚಾರ

ಇಂಗ್ಲಿಷ್ ಭಾಷೆಯಲ್ಲಿ ಸತ್ಯವೆಂಬ ಅರ್ಥವನ್ನು ಕೊಡುತ್ತಿದ್ದ ‘ಸೂಥ್’ ಶಬ್ದವು ಈಗ ವ್ಯವಹಾರದಲ್ಲಿಲ್ಲ. ಹಳೆಯ ಕಾವ್ಯನಾಟಕಗಳಲ್ಲಿ ಅದು ಬಂದಾಗ ‘ಟ್ರೂಥ್’ ಶಬ್ದದ ಪರ್ಯಾಯವೆಂದು ಹೇಳಿ ಮುಂದೆ ಸಾಗುವುದು ವಾಡಿಕೆ. ಆದರೆ ಇವೆರಡೂ ಹುಟ್ಟಿನಿಂದ ಸಮಾನಾರ್ಥಕಗಳಲ್ಲ. ಮೊದಲನೆಯದು ‘ಇರುವುದ’ನ್ನೂ ಎರಡನೆಯದು ‘ನಿಷ್ಠೆ’ಯನ್ನೂ ಸೂಚಿಸುತ್ತಿದ್ದವು.

ಪ್ರಾಚೀನ ಇಂಗ್ಲಿಷಿನಲ್ಲಿ ಈ ಶಬ್ದದ ರೂಪವು ‘ಸೋಥ್’. ‘ಬೇವುಲ್ಫ್’ ಕಾವ್ಯದಲ್ಲಿಯೂ ಇದರ ಪ್ರಯೋಗವುಂಟು. ಇದಕ್ಕೂ ಸಂಸ್ಕೃತದ ‘ಸತ್ಯ’ಕ್ಕೂ ಇರುವ ಸಂಬಂಧವು ಕೇವಲ ಧ್ವನಿಸಾಮ್ಯದಿಂದ ಊಹಿಸಿದುದಲ್ಲ. ‘ಇರು’ ಎಂಬರ್ಥದ ‘ಅಸ್’ ಧಾತುವಿನಿಂದ ‘ಸತ್’, ‘ಸಂತ್’ ಎಂಬ ಕೃದಂತವು ಸಿದ್ಧಿಸಿ, ಅದರಿಂದ ‘ಸತ್ಯ’ವಾಗುತ್ತದೆ. ಆ ಕೃದಂತಕ್ಕೆ ಸಮನಾದ ಜರ್ಮಾನಿಕ್ ಮೂಲರೂಪವೇ ‘ಸೂಥ್’ ಶಬ್ದದ ಪ್ರಕೃತಿ. ಹಾಗಾದರೆ ನಕಾರವೆಲ್ಲಿ ಹೋಯಿತು? ಪ್ರಾಚೀನ ಇಂಗ್ಲಿಷಿನಲ್ಲಿ ‘ಥ್’, ‘ಸ್’ ಮೊದಲಾದ ಊಷ್ಮಧ್ವನಿಗಳ ಹಿಂದಿನ ನಕಾರವು ಲೋಪವಾಗಿ, ಅದರ ಹಿಂದಿನ ಸ್ವರವು ದೀರ್ಘವಾಗುತ್ತದೆ. ಸಂಸ್ಕೃತದ ‘ದಂತ’ಕ್ಕೆ ಇಂಗ್ಲಿಷಿನ ‘ಟೂಥ್’, ‘ಹಂಸ’ಕ್ಕೆ ‘ಗೂಸ್’ ಜ್ಞಾತಿಗಳಾಗಿರುವುದೂ ಇದೇ ನಿಯಮದಿಂದ. ನಿಜವಾದ ಎಂಬರ್ಥದ ಸ್ವೀಡಿಷ್ ಶಬ್ದ ‘ಸನ್’ ಆ ನಕಾರವನ್ನು ಇಂದಿಗೂ ಉಳಿಸಿಕೊಂಡಿದೆ.

‘ಟ್ರೂಥ್’ ಶಬ್ದದ ವಂಶವು ಬೇರೆ. ಅದರ ಪ್ರಾಚೀನಾರ್ಥವು ಸ್ವಾಮಿಭಕ್ತಿ, ಮಾತಿಗೆ ತಪ್ಪದಿರುವಿಕೆ. ವಿವಾಹವಾಗ್ದಾನದಲ್ಲಿ ಬರುವ ‘ಟ್ರೋಥ್’ ಅದರದೇ ಇನ್ನೊಂದು ರೂಪ. ವಸ್ತುಸ್ಥಿತಿಯೆಂಬ ಅರ್ಥವು ಇದರಲ್ಲಿ 14ನೆಯ ಶತಮಾನದಿಂದೀಚೆಗೆ ಬಲಗೊಂಡಿತು. ಅದರೊಡನೆ ‘ಸೂಥ್’ ಹಿಂದೆ ಸರಿದು, 17ನೆಯ ಶತಮಾನದ ಮಧ್ಯದ ವೇಳೆಗೆ ಸಾಮಾನ್ಯ ಬಳಕೆಯಿಂದ ಮರೆಯಾಯಿತು. 19ನೆಯ ಶತಮಾನದ ಆದಿಯಲ್ಲಿ ವಾಲ್ಟರ್ ಸ್ಕಾಟ್ ಮೊದಲಾದವರು ಅದನ್ನು ಮತ್ತೆ ಪ್ರಯೋಗಿಸಿದುದು ಪ್ರಾಚೀನತೆಯ ಛಾಯೆಗಾಗಿ ಮಾತ್ರ.

ಅದರ ಸಂತತಿಯ ಗತಿಯು ಇನ್ನೂ ವಿಚಿತ್ರ. ‘ನಿಜವಾಗಿ’ ಎಂಬರ್ಥದ ‘ಫಾರ್‌ಸೂಥ್’ ಬರಬರುತ್ತ ವ್ಯಂಗ್ಯಕ್ಕೆ ಇಳಿಯಿತು. ‘ಸೂದ್’ ಎಂಬ ಕ್ರಿಯಾಪದವು ಮೊದಲು ಸತ್ಯವೆಂದು ಸ್ಥಾಪಿಸುವುದನ್ನು ಹೇಳುತ್ತಿದ್ದು, 16ನೆಯ ಶತಮಾನದಲ್ಲಿ ಹೌದೆಂದು ತಲೆದೂಗಿ ಮೆಚ್ಚಿಸುವುದಾಗಿ, 17ನೆಯ ಶತಮಾನದ ಕೊನೆಗೆ ಸಂತೈಸುವುದಾಯಿತು. ‘ಸೂಥ್‌ಸೇಯರ್’ ಮೊದಲು ಸತ್ಯವಾದಿ, ಅನಂತರ ಕಾಲಜ್ಞಾನಿ. ಷೇಕ್ಸ್‌ಪಿಯರನ ‘ಜೂಲಿಯಸ್ ಸೀಸರ್’ ನಾಟಕದಲ್ಲಿ ಸೀಸರನು ಕಡೆಗಣಿಸುವ ಕಣಿಗಾರನಿಗೆ ಈ ಹೆಸರಿರುವುದನ್ನು ಗಮನಿಸಬೇಕು. ಆತನನ್ನು ಕೇವಲ ಜೋಯಿಸನೆಂದು ವಿವರಿಸಿದರೆ, ಸತ್ಯವನ್ನಾಡುವವನ ಮಾತೇ ಅಲ್ಲಿ ತಿರಸ್ಕೃತವಾಯಿತೆಂಬ ಧ್ವನಿಯು ಓದುಗನಿಗೆ ತಪ್ಪಿಹೋಗುತ್ತದೆ.

ಕನ್ನಡದಲ್ಲಿಯೂ ಇಂತಹ ಉದಾಹರಣೆಯಿಲ್ಲದಿಲ್ಲ. ಗಂಗರ ‘ನನ್ನಿಯ ಗಂಗ’ ಎಂಬ ಬಿರುದಿನಲ್ಲಿ ಮೆರೆದ ‘ನನ್ನಿ’ಯು ಈಗ ಹಳಗನ್ನಡದ ಓದಿಗೆ ಮಾತ್ರ ಸಲ್ಲುತ್ತದೆ, ‘ತನ್ನದು’ ಎಂಬ ಮೂಲಾರ್ಥದ ‘ನಿಜ’ವು ಇಂದು ಸತ್ಯವಾಚಕವಾಗಿದೆ. ಹೀಗೆ ಪರ್ಯಾಯಪದವೊಂದನ್ನು ಕೊಟ್ಟ ಮಾತ್ರಕ್ಕೆ ಪ್ರಾಚೀನ ಶಬ್ದದ ಅರ್ಥವನ್ನು ಹೇಳಿದಂತಾಗುವುದಿಲ್ಲ. ಅದು ಯಾವ ಭಾವದಿಂದ ಹುಟ್ಟಿ ಎತ್ತ ಸಾಗಿತೆಂಬುದನ್ನೂ ತಿಳಿಸಬೇಕಾಗುತ್ತದೆ.